ಜಿಪ್ ಫೈಲ್ ಬಿಚ್ಚಿಕೊಳ್ಳದಿದ್ದಾಗ: ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಬಗೆ

ಒಂದು ಜಿಪ್ ಫೈಲ್ ತೆರೆಯಲಿಲ್ಲವೆಂದರೆ ಹೆಚ್ಚಿನವರು ಕೂಡಲೇ ಇನ್ನೊಂದು ಸಾಫ್ಟ್‌ವೇರ್ ಹುಡುಕಿ ಹಾಕಿಕೊಳ್ಳುತ್ತಾರೆ. ಅದರಲ್ಲೂ ಆಗದಿದ್ದರೆ ಮತ್ತೊಂದು. ಅದೂ ಸೋತರೆ ‘ಫೈಲೇ ಕೆಟ್ಟಿದೆ’ ಎಂದು ಅಳಿಸಿಬಿಡುತ್ತಾರೆ. ಚೆನ್ನಾಗಿಯೇ ಇದ್ದ ಫೋಟೊಗಳು, ದಾಖಲೆಗಳು ಹೀಗೆ ಕಸದ ಬುಟ್ಟಿ ಸೇರುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ದೋಷ ಎಲ್ಲಿದೆ ಎಂದು ತಿಳಿಯುವ ಮೊದಲೇ ಔಷಧಿ ಹುಡುಕುವುದರಿಂದ ಆಗುವ ನಷ್ಟ ಇದು.

ದೋಷ ಇರಬಹುದಾದ ಜಾಗಗಳು ಬಹುಮಟ್ಟಿಗೆ ಮೂರೇ. ಫೈಲೇ ಅರ್ಧಂಬರ್ಧ ಬಂದಿರಬಹುದು ಅಥವಾ ಕೆಟ್ಟಿರಬಹುದು. ಫೈಲ್ ಸರಿಯಿದ್ದು, ನಿಮ್ಮ ಸಾಫ್ಟ್‌ವೇರಿಗೆ ಆ ಬಗೆಯದನ್ನು ಓದಲು ಬಾರದಿರಬಹುದು. ಎರಡೂ ಸರಿಯಿದ್ದು, ಬಿಚ್ಚಿದ್ದನ್ನು ಬರೆಯಬೇಕಾದ ಡಿಸ್ಕ್ ಅಥವಾ ಫೋಲ್ಡರಿನಲ್ಲಿ ಅಡ್ಡಿಯಿರಬಹುದು. ಈ ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಶುರು ಮಾಡುವ ಮೊದಲು ಒಂದು ಮಾತು: ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ರಿಪೇರಿಯ ಪ್ರಯೋಗಗಳೆಲ್ಲ ಪ್ರತಿಯ ಮೇಲೆ ನಡೆಯಲಿ. ಪರದೆಯ ಮೇಲೆ ಬಂದ ಎರರ್ ಸಂದೇಶವನ್ನು ಓದದೆ ಮುಚ್ಚಬೇಡಿ. ಅದರ ಒಂದು ಫೋಟೊ ತೆಗೆದಿಟ್ಟುಕೊಂಡರೂ ಸಾಕು.

ಮೊದಲ ಹೆಜ್ಜೆ: ಬಿಚ್ಚಬೇಡಿ, ಟೆಸ್ಟ್ ಮಾಡಿ

ಜಿಪ್ ಬಿಚ್ಚುವ 7-ಜಿಪ್ ಎಂಬ ಸಾಫ್ಟ್‌ವೇರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಬರುವ ಅದರ ಮೆನುವಿನಲ್ಲಿ ‘ಟೆಸ್ಟ್ ಆರ್ಕೈವ್’ ಎಂಬ ಆಯ್ಕೆ ಇದೆ. ಆರ್ಕೈವ್ ಎಂದರೆ ಜಿಪ್‌ನಂತೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಫೈಲ್. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ವಿನ್‌ರಾರ್‌ನಲ್ಲಿ ಮೇಲಿನ ಪಟ್ಟಿಯಲ್ಲೇ ‘ಟೆಸ್ಟ್’ ಗುಂಡಿಯಿದೆ. ಲಿನಕ್ಸ್ ಮತ್ತು ಮ್ಯಾಕ್‌ನ ಟರ್ಮಿನಲ್‌ನಲ್ಲಿ ‘ಅನ್‌ಜಿಪ್’ ಆಜ್ಞೆಗೆ ‘ಮೈನಸ್ ಟಿ’ ಸೇರಿಸಿದರೆ ಅದೇ ಕೆಲಸ ಆಗುತ್ತದೆ. ವಿಂಡೋಸ್‌ನ ಸ್ವಂತ ಜಿಪ್ ಸೌಲಭ್ಯದಲ್ಲಿ ಇದು ಇಲ್ಲ. ಆದ್ದರಿಂದ ದೋಷ ಹುಡುಕುವುದಕ್ಕಾದರೂ 7-ಜಿಪ್‌ನಂಥದ್ದೊಂದು ಕೈಯಲ್ಲಿರಬೇಕು. ಅದು ಉಚಿತ; ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಈ ಟೆಸ್ಟ್ ಏಕೆ ಇಷ್ಟು ಮುಖ್ಯ? ಅದು ಒಳಗಿರುವ ಪ್ರತಿಯೊಂದನ್ನೂ ಮೆಮೊರಿಯಲ್ಲೇ ಪೂರ್ತಿಯಾಗಿ ಬಿಚ್ಚಿ, ಕುಗ್ಗಿಸುವಾಗ ಬರೆದಿಟ್ಟ ತಾಳೆಸಂಖ್ಯೆಯೊಂದಿಗೆ ಹೋಲಿಸಿ ನೋಡುತ್ತದೆ. ಜಿಪ್‌ನಲ್ಲಿ ಈ ತಾಳೆಸಂಖ್ಯೆಗೆ ಸಿಆರ್‌ಸಿ-32 ಎಂದು ಹೆಸರು. ಡಿಸ್ಕಿಗೆ ಮಾತ್ರ ಏನನ್ನೂ ಬರೆಯುವುದಿಲ್ಲ. ಅಂದರೆ ಓದುವ ಕೆಲಸ ಮತ್ತು ಬರೆಯುವ ಕೆಲಸ ಇಲ್ಲಿ ಬೇರೆಬೇರೆಯಾಗುತ್ತವೆ. ಟೆಸ್ಟ್ ಪಾಸಾಗಿಯೂ ಬಿಚ್ಚುವಾಗ ಎರರ್ ಬಂದರೆ ಫೈಲಿನಲ್ಲಿ ತಪ್ಪಿಲ್ಲ, ಅದು ಹೋಗಿ ಸೇರಬೇಕಾದ ಜಾಗದಲ್ಲಿ ತಪ್ಪಿದೆ. ಟೆಸ್ಟ್ ಫೇಲಾದರೆ ತಪ್ಪು ಬಹುಮಟ್ಟಿಗೆ ಫೈಲಿನದು ಇಲ್ಲವೇ ಸಾಫ್ಟ್‌ವೇರಿನದು. ಇಷ್ಟು ಮಾಡದೆ ಮುಂದಿನ ಯಾವ ಉಪಾಯಕ್ಕೂ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟೆಸ್ಟ್ ಪಾಸ್, ಬಿಚ್ಚುವಾಗ ಮಾತ್ರ ಎರರ್

ವಿಂಡೋಸ್‌ನಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಉದ್ದದ ವಿಳಾಸ. ಡ್ರೈವಿನ ಅಕ್ಷರದಿಂದ ಹಿಡಿದು ಎಲ್ಲ ಫೋಲ್ಡರುಗಳ ಹೆಸರು ಮತ್ತು ಫೈಲಿನ ಹೆಸರು ಸೇರಿ 260 ಅಕ್ಷರ ಮೀರಬಾರದು ಎಂಬುದು ಅದರ ಹಳೆಯ ಕಟ್ಟುಪಾಡು. ‘ಪಾತ್ ಟೂ ಲಾಂಗ್’ ಎಂದು ಬಂದರೆ ಇದೇ. ಡೌನ್‌ಲೋಡ್ಸ್ ಫೋಲ್ಡರಿನೊಳಗೆ ಉದ್ದ ಹೆಸರಿನ ಜಿಪ್, ಅದರೊಳಗೆ ಅದೇ ಹೆಸರಿನ ಫೋಲ್ಡರ್, ಅದರೊಳಗೆ ಇನ್ನೂ ನಾಲ್ಕು ಫೋಲ್ಡರ್ ಇದ್ದರೆ 260 ಬೇಗ ತುಂಬುತ್ತದೆ. ಸಿ ಅಥವಾ ಡಿ ಡ್ರೈವಿನಲ್ಲಿ ನೇರವಾಗಿ ಒಂದೆರಡು ಅಕ್ಷರದ ಫೋಲ್ಡರ್ ಮಾಡಿ ಅಲ್ಲಿಗೆ ಬಿಚ್ಚಿ. ಬಹುತೇಕ ಅಷ್ಟಕ್ಕೇ ಸರಿಹೋಗುತ್ತದೆ. ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿಯನ್ನು ಸಡಿಲಿಸುವ ಸೆಟ್ಟಿಂಗ್ ಇದೆ, ಆದರೆ ಅದಕ್ಕೆ ಒಪ್ಪಿಕೊಂಡು ಬರೆದ ಪ್ರೋಗ್ರಾಮುಗಳಿಗೆ ಮಾತ್ರ ಅದರ ಪ್ರಯೋಜನ. ಸೆಟ್ಟಿಂಗ್ ಬದಲಿಸುವುದಕ್ಕಿಂತ ವಿಳಾಸವನ್ನು ಗಿಡ್ಡ ಮಾಡುವುದೇ ವಾಸಿ.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರಿಗೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರ, ಗುಣಿತಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸಿದರೆ ‘ಶ್ರೀ’ ಎಂಬುದು ನಾಲ್ಕು ಸಂಕೇತ, ಅಂದರೆ 12 ಬೈಟ್. ಹೀಗಾಗಿ ಕನ್ನಡದ ಹೆಸರಿಗೆ ಅಲ್ಲಿ ದಕ್ಕುವುದು 85 ಸಂಕೇತಗಳಷ್ಟೇ. ವಿಂಡೋಸ್ ಬೈಟುಗಳನ್ನು ಹೀಗೆ ಎಣಿಸುವುದಿಲ್ಲ, ಅಲ್ಲಿ ಇಡೀ ವಾಕ್ಯವನ್ನೇ ಹೆಸರಾಗಿ ಇಟ್ಟರೂ ನಡೆಯುತ್ತದೆ. ಅಂಥ ಹೆಸರಿನ ಲೇಖನವನ್ನು ಜಿಪ್ ಮಾಡಿ ಲಿನಕ್ಸ್ ಬಳಸುವ ಗೆಳೆಯರಿಗೆ ಕಳಿಸಿದರೆ ‘ಫೈಲ್ ನೇಮ್ ಟೂ ಲಾಂಗ್’ ಎಂದು ನಿಲ್ಲುತ್ತದೆ. ಕಳಿಸಿದವರು ಹೆಸರು ಚಿಕ್ಕದು ಮಾಡಿ ಮತ್ತೆ ಜಿಪ್ ಮಾಡುವುದು ಸುಲಭದ ಪರಿಹಾರ. ಅದಾಗದಿದ್ದರೆ ವಿಂಡೋಸ್ ಕಂಪ್ಯೂಟರೊಂದರಲ್ಲಿ 7-ಜಿಪ್‌ನ ಕಿಟಕಿಯಲ್ಲಿ ಪ್ರತಿಯನ್ನು ತೆರೆದು ಒಳಗಿನ ಹೆಸರನ್ನೇ ಬದಲಿಸಿ, ಆಮೇಲೆ ಬಿಚ್ಚಬಹುದು.

ಹೆಸರಿನ ಅಡ್ಡಿ ಇನ್ನೂ ಎರಡು ಬಗೆಯಲ್ಲಿ ಬರುತ್ತದೆ. ಲಿನಕ್ಸ್‌ನಲ್ಲಿ ಅಪೂರ್ಣ ವಿರಾಮ, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳಿರುವ ಹೆಸರು ನಡೆಯುತ್ತದೆ, ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಲಿನಕ್ಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ. ವಿಂಡೋಸ್‌ಗೆ ಸಾಮಾನ್ಯವಾಗಿ ಎರಡೂ ಒಂದೇ. ಹಾಗಾಗಿ ಅಲ್ಲಿ ಎರಡಾಗಿದ್ದ ಫೈಲುಗಳು ಇಲ್ಲಿ ಒಂದರ ಮೇಲೊಂದು ಬರೆದುಕೊಳ್ಳಲು ನೋಡುತ್ತವೆ. ‘ರಿಪ್ಲೇಸ್’ ಮಾಡಲೇ ಎಂದು ಖಾಲಿ ಫೋಲ್ಡರಿನಲ್ಲೂ ಕೇಳಿದರೆ ‘ಹೌದು’ ಒತ್ತಬೇಡಿ, ಬೇರೆ ಹೆಸರಿನಲ್ಲಿ ಉಳಿಸುವ ಆಯ್ಕೆ ಒತ್ತಿ.

ಪೆನ್‌ಡ್ರೈವಿಗೆ ನೇರವಾಗಿ ಬಿಚ್ಚುವಾಗ ಒಂದು ದೊಡ್ಡ ಫೈಲಿನಲ್ಲಿ ಮಾತ್ರ ಸಿಕ್ಕಿಕೊಂಡರೆ ಡ್ರೈವಿನ ಪ್ರಾಪರ್ಟೀಸ್ ತೆರೆದು ನೋಡಿ. ಅಲ್ಲಿ ‘ಫ್ಯಾಟ್32’ ಎಂದಿದ್ದರೆ ಅದು 4 ಜಿಬಿ ತಲುಪಿದ ಯಾವ ಫೈಲನ್ನೂ ಇಟ್ಟುಕೊಳ್ಳಲಾರದು, ಎಷ್ಟೇ ಜಾಗ ಖಾಲಿಯಿದ್ದರೂ. ಕಂಪ್ಯೂಟರಿನ ಡಿಸ್ಕಿಗೆ ಬಿಚ್ಚಿಕೊಳ್ಳಿ, ಅಥವಾ ಪೆನ್‌ಡ್ರೈವಿನಲ್ಲಿರುವುದನ್ನೆಲ್ಲ ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಜಾಗದ ಲೆಕ್ಕ ಹಾಕುವಾಗ ಕುಗ್ಗಿದ ಗಾತ್ರವನ್ನಲ್ಲ, ಬಿಚ್ಚಿದ ಮೇಲಿನ ಗಾತ್ರವನ್ನು ನೋಡಬೇಕು. ಆರ್ಕೈವ್ ತೆರೆದಾಗ ಎರಡೂ ಕಾಣುತ್ತವೆ. ಹಲವು ಸಾಫ್ಟ್‌ವೇರುಗಳಲ್ಲಿ ಒಳಗಿನ ಫೈಲನ್ನು ಮೌಸಿನಿಂದ ಎಳೆದು ಹೊರಗೆ ಬಿಟ್ಟರೆ ಅದು ಮೊದಲು ಸಿ ಡ್ರೈವಿನ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಕೊಂಡು ಆಮೇಲೆ ನೀವು ಬಿಟ್ಟ ಜಾಗಕ್ಕೆ ಹೋಗುತ್ತದೆ. ಡಿ ಡ್ರೈವಿನಲ್ಲಿ ಬೇಕಾದಷ್ಟು ಜಾಗವಿದ್ದರೂ ‘ಡಿಸ್ಕ್ ಫುಲ್’ ಎನ್ನುವುದು ಇದಕ್ಕೇ. ಎಳೆಯುವ ಬದಲು ‘ಎಕ್ಸ್‌ಟ್ರ್ಯಾಕ್ಟ್’ ಗುಂಡಿ ಒತ್ತಿ, ಜಾಗವನ್ನು ನೀವೇ ತೋರಿಸಿ.

ಬಿಚ್ಚಿದ ಮೇಲೆ ಒಂದೆರಡು ಫೈಲ್ ಮಾತ್ರ ಕಾಣೆಯಾಗಿದ್ದರೆ, ಅಥವಾ ‘ಆಕ್ಸೆಸ್ ಡಿನೈಡ್’ ಎಂದಿದ್ದರೆ, ಆಂಟಿವೈರಸ್‌ನ ಇತಿಹಾಸ ಪುಟ ನೋಡಿ. ಫೈಲ್ ಹೊರಬಂದ ಕ್ಷಣವೇ ಅದು ಹಿಡಿದಿಟ್ಟಿರಬಹುದು. ಇಂಥ ಕಡೆ ‘ಆಂಟಿವೈರಸ್ ಆಫ್ ಮಾಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಡಿದದ್ದು ಯಾವ ಫೈಲ್, ಯಾಕೆ ಎಂದು ಓದಿ, ಕಳಿಸಿದವರನ್ನು ವಿಚಾರಿಸಿ, ಆಮೇಲೆ ನಿರ್ಧರಿಸಿ.

ಟೆಸ್ಟ್ ಫೇಲ್: ಫೈಲ್ ಪೂರ್ತಿ ಬಂದಿದೆಯೇ?

‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಆರ್ಕೈವ್’, ‘ಎಂಡ್ ಆಫ್ ಸೆಂಟ್ರಲ್ ಡೈರೆಕ್ಟರಿ ನಾಟ್ ಫೌಂಡ್’, ‘ಕಂಪ್ರೆಸ್ಡ್ ಫೋಲ್ಡರ್ ಈಸ್ ಇನ್‌ವ್ಯಾಲಿಡ್’ ಎಂಬ ಮೂರು ಸಂದೇಶಗಳ ಹಿಂದೆ ಬಹಳ ಸಲ ಒಂದೇ ಕಾರಣ: ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ. 1989ರಲ್ಲಿ ಫಿಲ್ ಕಾಟ್ಜ್ ರೂಪಿಸಿದ ಜಿಪ್ ರಚನೆಯಲ್ಲಿ ಒಳಗೆ ಏನೇನಿದೆ ಎಂಬ ಪಟ್ಟಿ ಇರುವುದು ಫೈಲಿನ ಕೊನೆಯಲ್ಲಿ, ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚಾದ ಪದಸೂಚಿಯ ಹಾಗೆ. ಕೊನೆಯ ತುಣುಕು ಬಾರದೆ ಹೋದರೆ ಪಟ್ಟಿಯೇ ಇಲ್ಲ. ನೂರರಲ್ಲಿ 99 ಪಾಲು ಬಂದಿದ್ದರೂ ಸಾಫ್ಟ್‌ವೇರ್ ‘ಇದು ಜಿಪ್ ಅಲ್ಲ’ ಎಂದು ಕೈಚೆಲ್ಲುತ್ತದೆ. ಒಳಗಿನ ಮಾಹಿತಿ ಆಗಲೂ ಅಲ್ಲೇ ಇರುತ್ತದೆ ಎಂಬುದನ್ನು ನೆನಪಿಡಿ, ರಿಪೇರಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಮೊದಲು ಗಾತ್ರ ಹೋಲಿಸಿ. ಕೊಟ್ಟವರ ಬಳಿ ಇರುವ ಫೈಲಿನ ಗಾತ್ರ ಎಷ್ಟು ಬೈಟ್, ನಿಮ್ಮಲ್ಲಿರುವುದು ಎಷ್ಟು? ‘ಎಂಬಿ’ ಲೆಕ್ಕ ಬೇಡ, ಪ್ರಾಪರ್ಟೀಸ್‌ನಲ್ಲಿ ಕಾಣುವ ಪೂರ್ತಿ ಬೈಟುಗಳ ಲೆಕ್ಕ ನೋಡಿ. ನೂರಾರು ಎಂಬಿ ಇರಬೇಕಾದದ್ದು ಕೆಲವೇ ಕೆಬಿ ಇದ್ದರೆ ನಿಮಗೆ ಬಂದದ್ದು ಜಿಪ್ ಅಲ್ಲದೆ ಇರಬಹುದು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ನಿಜವಾದ ಜಿಪ್ ಸಾಮಾನ್ಯವಾಗಿ ‘ಪಿಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ವಿನ್‌ರಾರ್‌ನ ಸ್ವಂತ ಬಗೆಯಾದ ಆರ್‌ಎಆರ್ ಆದರೆ ‘ರಾರ್’ ಮತ್ತು ಆಶ್ಚರ್ಯಸೂಚಕ ಚಿಹ್ನೆ. ಇವುಗಳ ಬದಲು ‘ಎಚ್‌ಟಿಎಂಎಲ್’ ಎಂಬ ಪದ ಕಂಡರೆ ಬಂದಿರುವುದು ಲಾಗಿನ್ ಪುಟವೋ ‘ಲಿಂಕ್ ಅವಧಿ ಮುಗಿದಿದೆ’ ಎಂಬ ಪುಟವೋ ಆಗಿರುತ್ತದೆ. ಯಾವ ರಿಪೇರಿಯೂ ಅದನ್ನು ಜಿಪ್ ಮಾಡಲಾರದು. ಲಾಗಿನ್ ಆಗಿ ಮತ್ತೆ ಇಳಿಸಿಕೊಳ್ಳಿ.

ಗಾತ್ರ ಸರಿಯಿದ್ದೂ ‘ಸಿಆರ್‌ಸಿ ಫೇಲ್ಡ್’ ಎಂದು ಬಂದರೆ ಇಡೀ ಫೈಲಿಗೆ ಲೆಕ್ಕಹಾಕುವ ಎಸ್‌ಎಚ್‌ಎ-256 ಎಂಬ ತಾಳೆಸಂಖ್ಯೆ ನೋಡಬೇಕು. ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್’, ಲಿನಕ್ಸ್‌ನಲ್ಲಿ ‘ಎಸ್‌ಎಚ್‌ಎ256ಸಮ್’, ಮ್ಯಾಕ್‌ನಲ್ಲಿ ‘ಶಾಸಮ್’ ಎಂಬ ಆಜ್ಞೆಗಳು ಇದನ್ನು ಲೆಕ್ಕಹಾಕುತ್ತವೆ. ಕೊಟ್ಟವರ ಬಳಿಯ ಸಂಖ್ಯೆ ಮತ್ತು ನಿಮ್ಮ ಸಂಖ್ಯೆ ಒಂದೇ ಆಗಿದ್ದರೆ ಫೈಲ್ ದಾರಿಯಲ್ಲಿ ಕೆಟ್ಟಿಲ್ಲ. ಅವರಲ್ಲೇ ಕೆಟ್ಟಿದೆ, ಇಲ್ಲವೇ ನಿಮ್ಮ ಸಾಫ್ಟ್‌ವೇರ್ ಸಾಲದು. ಸಂಖ್ಯೆ ಬೇರೆಯಾದರೆ ಮತ್ತೆ ತರಿಸಿಕೊಳ್ಳಿ, ಸಾಧ್ಯವಾದರೆ ಬೇರೆ ಬ್ರೌಸರ್ ಅಥವಾ ಬೇರೆ ನೆಟ್‌ವರ್ಕಿನಲ್ಲಿ. ಪೆನ್‌ಡ್ರೈವಿನಲ್ಲಿ ಬಂದ ಫೈಲುಗಳಿಗೆ ಈ ಪರೀಕ್ಷೆ ತಪ್ಪದೇ ಬೇಕು. ‘ಸೇಫ್ಲಿ ರಿಮೂವ್’ ಮಾಡದೆ ಕಿತ್ತ ಡ್ರೈವಿನಲ್ಲಿ ಗಾತ್ರ ಸರಿಯಾಗಿಯೇ ಕಂಡರೂ ಒಳಗಿನದು ಪೂರ್ತಿ ಬರೆದಿರದೆ ಇರಬಹುದು.

ಪ್ರತಿ ಸಲವೂ ಬೇರೆ ಫೈಲಿನಲ್ಲಿ ಎರರ್ ಬಂದರೆ

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಫೈಲ್ ಬರೀ ಸಾಕ್ಷಿ, ತಪ್ಪು ಮಾಡಿದ್ದು ಕಂಪ್ಯೂಟರ್. ಒಂದೇ ಆರ್ಕೈವನ್ನು ಎರಡು ಮೂರು ಸಲ ಟೆಸ್ಟ್ ಮಾಡಿ, ಎರರ್ ಬಂದ ಫೈಲಿನ ಹೆಸರನ್ನು ಬರೆದುಕೊಳ್ಳಿ. ಪ್ರತಿ ಸಲವೂ ಅದೇ ಹೆಸರು ಬಂದರೆ ಆರ್ಕೈವ್ ಕೆಟ್ಟಿದೆ. ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು, ಮಗದೊಮ್ಮೆ ಎಲ್ಲವೂ ಸರಿ ಎಂದು ಬಂದರೆ ಕಂಪ್ಯೂಟರಿನ ಮೆಮೊರಿಯಾದ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಡಿಸ್ಕಿನ ಮೇಲಿರುವ ಬೈಟುಗಳು ತಾವಾಗಿ ಬದಲಾಗಿ ಮತ್ತೆ ಸರಿಯಾಗುವುದಿಲ್ಲ.

ಬೇರೆ ಕೆಲಸಗಳಲ್ಲಿ ಕಾಣದ ರ‍್ಯಾಮ್ ದೋಷ ಇಲ್ಲಿ ಏಕೆ ಕಾಣುತ್ತದೆ? ವಿಡಿಯೊದಲ್ಲಿ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕೆಯ ಬಣ್ಣ ಕ್ಷಣಕಾಲ ಬದಲಾಗಿ ಹೋಗುತ್ತದೆ, ಕಣ್ಣಿಗೆ ಬೀಳದು. ಆರ್ಕೈವ್ ಬಿಚ್ಚುವಾಗ ಮೆಮೊರಿಯನ್ನು ಬಿರುಸಾಗಿ ಬಳಸಲಾಗುತ್ತದೆ, ಪ್ರತಿ ಫೈಲಿನ ಕೊನೆಗೂ ತಾಳೆ ನೋಡಲಾಗುತ್ತದೆ. ಒಂದು ಬಿಟ್ ತಪ್ಪಿದರೂ ಸಿಕ್ಕಿಬೀಳುತ್ತದೆ. ವಿಂಡೋಸ್‌ನ ‘ಮೆಮೊರಿ ಡಯಾಗ್ನಸ್ಟಿಕ್’ ಅಥವಾ ‘ಮೆಮ್‌ಟೆಸ್ಟ್86’ ಅನ್ನು ರಾತ್ರಿಯಿಡೀ ಓಡಲು ಬಿಡಿ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡುವಂತೆ ಹೊಂದಿಸಿದ್ದರೆ, ಮೊದಲು ಅದನ್ನು ತೆಗೆದು ನೋಡಿ. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಈ ಸೂಚನೆಯನ್ನು ಕಡೆಗಣಿಸಬೇಡಿ: ನೀವು ಉಳಿಸುವ ಬೇರೆ ಫೈಲುಗಳೂ ಅದೇ ರ‍್ಯಾಮ್ ಮೂಲಕವೇ ಹೋಗುತ್ತಿವೆ, ಅವುಗಳಿಗೆ ತಾಳೆ ನೋಡುವವರಿಲ್ಲ.

ಸಾಫ್ಟ್‌ವೇರಿಗೆ ಓದಲು ಬಾರದಿದ್ದರೆ

ಹೆಸರಿನ ಕೊನೆಯಲ್ಲಿ ಜಿಪ್ ಎಂದಿದ್ದ ಮಾತ್ರಕ್ಕೆ ಒಳಗೆಲ್ಲ ಒಂದೇ ಅಲ್ಲ. ಪ್ರತಿ ಫೈಲನ್ನು ಯಾವ ವಿಧಾನದಲ್ಲಿ ಕುಗ್ಗಿಸಿದೆ ಎಂಬುದಕ್ಕೆ ಒಂದು ಸಂಖ್ಯೆಯಿರುತ್ತದೆ. 8 ಎಂದರೆ ಎಲ್ಲ ಸಾಫ್ಟ್‌ವೇರುಗಳಿಗೂ ಗೊತ್ತಿರುವ ಡಿಫ್ಲೇಟ್. 9 ಎಂದರೆ ಡಿಫ್ಲೇಟ್64, 14 ಎಂದರೆ ಎಲ್‌ಜಡ್‌ಎಂಎ, 93 ಎಂದರೆ ಜಡ್‌ಸ್ಟ್ಯಾಂಡರ್ಡ್, 99 ಎಂದರೆ ಎಇಎಸ್ ಗೂಢಲಿಪಿ. ‘ಅನ್‌ಸಪೋರ್ಟೆಡ್ ಕಂಪ್ರೆಷನ್ ಮೆಥಡ್’ ಎಂದು ಬಂದರೆ ಪಕ್ಕದ ಸಂಖ್ಯೆ ನೋಡಿ. ಫೈಲ್ ಸರಿಯಾಗಿದೆ, ಸಾಫ್ಟ್‌ವೇರ್ ಹಳೆಯದು ಎಂದರ್ಥ. ಇದೇ ರೀತಿ 2013ರಲ್ಲಿ ವಿನ್‌ರಾರ್ 5ರ ಜೊತೆ ಬಂದ ಹೊಸ ಆರ್‌ಎಆರ್ ಬಗೆಯನ್ನು ಅದಕ್ಕಿಂತ ಹಳೆಯ ಸಾಫ್ಟ್‌ವೇರುಗಳು ‘ಕೆಟ್ಟಿದೆ’ ಎಂದೇ ಹೇಳಬಹುದು. ಆ ಮಾತನ್ನು ನಂಬಿ ಅಳಿಸಬೇಡಿ.

ವಿಂಡೋಸ್ 11ಕ್ಕೆ 2023ರ ಕೊನೆಯ ಭಾಗದಲ್ಲಿ ಆರ್‌ಎಆರ್, 7ಜಡ್, ಟಾರ್ ಬಗೆಗಳನ್ನು ತಾನೇ ತೆರೆಯುವ ಶಕ್ತಿ ಬಂತು. ಪಾಸ್‌ವರ್ಡ್ ಹಾಕಿದ ಆರ್ಕೈವುಗಳಿಗೆ ಮಾತ್ರ ಈಗಲೂ ಬೇರೆ ಸಾಫ್ಟ್‌ವೇರನ್ನು ನೆಚ್ಚುವುದೇ ಒಳ್ಳೆಯದು. ಮ್ಯಾಕ್‌ನಲ್ಲಿ ಜಿಪ್ ಒತ್ತಿದರೆ ‘ಸಿಪಿಜಿಜಡ್’ ಎಂಬ ಫೈಲ್, ಅದನ್ನು ಒತ್ತಿದರೆ ಮತ್ತೆ ಜಿಪ್ ಬರುತ್ತಾ ಸುತ್ತುತ್ತಿದ್ದರೆ ಅಲ್ಲಿನ ಸ್ವಂತ ಸೌಲಭ್ಯಕ್ಕೆ ಅದು ಅರ್ಥವಾಗಿಲ್ಲ ಅಥವಾ ಡೌನ್‌ಲೋಡ್ ಅಪೂರ್ಣ. ಟರ್ಮಿನಲ್‌ನ ‘ಅನ್‌ಜಿಪ್’ ಬಳಸಿ ನೋಡಿ, ಎರಡರಲ್ಲಿ ಯಾವುದೆಂದು ಅದರ ಸಂದೇಶವೇ ಹೇಳುತ್ತದೆ.

ಸಾಫ್ಟ್‌ವೇರ್ ಹೊಸದಿರಬೇಕು ಎನ್ನುವುದಕ್ಕೆ ಸುರಕ್ಷತೆಯ ಕಾರಣವೂ ಇದೆ. ಆರ್ಕೈವಿನಲ್ಲಿರುವ ಫೈಲನ್ನು ಬರೀ ತೆರೆದು ನೋಡಿದರೂ ದುರುದ್ದೇಶದ ಪ್ರೋಗ್ರಾಂ ಓಡಬಹುದಾದ ದೋಷವೊಂದನ್ನು ವಿನ್‌ರಾರ್ 2023ರ ಆಗಸ್ಟಿನಲ್ಲಿ 6.23 ಆವೃತ್ತಿಯಲ್ಲಿ ಸರಿಪಡಿಸಿತು. ಇಂಥ ಸಾಫ್ಟ್‌ವೇರುಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ ಎಂದುಕೊಂಡು ಕೂರಬೇಡಿ, ಆವೃತ್ತಿಯನ್ನು ನೀವೇ ನೋಡಿ.

ಕನ್ನಡದ ಹೆಸರುಗಳು ವಿಚಿತ್ರ ಅಕ್ಷರಗಳಾದರೆ

ಮೂಲ ಜಿಪ್‌ನಲ್ಲಿ ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿತ್ತು. ಹೆಸರು ಯುಟಿಎಫ್-8ರಲ್ಲಿದೆ ಎಂದು ತಿಳಿಸುವ ಗುರುತು ಆಮೇಲೆ ಸೇರಿತು. ಕೆಲವು ಸಾಫ್ಟ್‌ವೇರುಗಳು ಹೆಸರನ್ನು ಯುಟಿಎಫ್-8ರಲ್ಲಿ ಬರೆದರೂ ಗುರುತು ಹಾಕುವುದನ್ನು ಬಿಡುತ್ತವೆ. ಆಗ ಕನ್ನಡದ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಫೈಲಿನ ಒಳಗಿನದಕ್ಕೆ ಏನೂ ಆಗಿಲ್ಲ. 7-ಜಿಪ್‌ನ ಆಜ್ಞೆಯಲ್ಲಿ ‘ಎಂಸಿಪಿ’ ಎಂಬ ಆಯ್ಕೆಗೆ 65001 ಎಂದು ಕೊಟ್ಟರೆ ಹೆಸರನ್ನು ಯುಟಿಎಫ್-8 ಎಂದೇ ಓದುತ್ತದೆ, ಕನ್ನಡ ಮರಳಿ ಬರುತ್ತದೆ. ಆದರೆ ಹೆಸರಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಅಥವಾ ಅಡಿಗೆರೆಗಳಿದ್ದು, ಬೇರೆ ಸಾಫ್ಟ್‌ವೇರಿನಲ್ಲೂ ಹಾಗೆಯೇ ಕಂಡರೆ ಜಿಪ್ ಮಾಡುವಾಗಲೇ ಅಕ್ಷರಗಳು ಹೋಗಿವೆ. ಫೈಲುಗಳನ್ನು ತೆರೆದು ನೋಡಿ ಹೆಸರಿಡಬೇಕಾದೀತು.

ತುಂಡುಗಳು ಮತ್ತು ಪಾಸ್‌ವರ್ಡ್

‘ಪಾರ್ಟ್1’, ‘ಪಾರ್ಟ್2’ ಅಥವಾ ‘001’, ‘002’ ಎಂದು ಬಂದ ಆರ್ಕೈವಿನ ಎಲ್ಲ ತುಂಡುಗಳೂ ಒಂದೇ ಫೋಲ್ಡರಿನಲ್ಲಿರಬೇಕು, ಮೊದಲನೆಯದನ್ನಷ್ಟೇ ಬಿಚ್ಚಬೇಕು. ಒಂದೇ ತುಂಡನ್ನು ಎರಡು ಸಲ ಇಳಿಸಿಕೊಂಡಾಗ ಬ್ರೌಸರ್ ಹೆಸರಿನ ಕೊನೆಗೆ ಆವರಣದಲ್ಲಿ 1 ಸೇರಿಸುತ್ತದೆ. ಅಷ್ಟಕ್ಕೇ ಸರಪಳಿ ಕಡಿಯುತ್ತದೆ. ಕೊನೆಯದನ್ನು ಬಿಟ್ಟು ಉಳಿದ ತುಂಡುಗಳ ಗಾತ್ರ ಸಾಮಾನ್ಯವಾಗಿ ಸಮನಾಗಿರುತ್ತದೆ. ಬೇರೆ ಗಾತ್ರದ್ದು ನಡುವೆ ಕಂಡರೆ ಅದನ್ನು ಮಾತ್ರ ಮತ್ತೆ ಇಳಿಸಿ.

ಪಾಸ್‌ವರ್ಡ್ ಇರುವ ಆರ್ಕೈವಿನಲ್ಲಿ ‘ಡೇಟಾ ಎರರ್’ ಅಥವಾ ‘ಸಿಆರ್‌ಸಿ ಎರರ್’ ಬಂದರೆ ಮೊದಲ ಅನುಮಾನ ಪಾಸ್‌ವರ್ಡಿನ ಮೇಲೆಯೇ ಇರಲಿ. ಹಳೆಯ ಜಿಪ್ ಗೂಢಲಿಪಿಯಲ್ಲಿ ಪಾಸ್‌ವರ್ಡ್ ಪರೀಕ್ಷೆ ತೀರಾ ದುರ್ಬಲ. ತಪ್ಪು ಪದವೂ ಒಮ್ಮೊಮ್ಮೆ ಒಳಗೆ ನುಸುಳಿ, ಹೊರಬಂದ ಕಸ ತಾಳೆಯಲ್ಲಿ ಸಿಕ್ಕಿಬೀಳುತ್ತದೆ. ಸಂದೇಶದಿಂದ ನಕಲು ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಸೇರಿರಬಹುದು, ಕ್ಯಾಪ್ಸ್ ಲಾಕ್ ಇರಬಹುದು, ಕೀಬೋರ್ಡ್ ಕನ್ನಡದಲ್ಲೇ ಉಳಿದಿರಬಹುದು. ಪಾಸ್‌ವರ್ಡನ್ನು ನೋಟ್‌ಪ್ಯಾಡಿನಲ್ಲಿ ಕಣ್ಣಿಗೆ ಕಾಣುವಂತೆ ಟೈಪ್ ಮಾಡಿ ನೋಡಿಕೊಂಡು ಆಮೇಲೆ ಹಾಕಿ. ಕನ್ನಡದಲ್ಲೇ ಪಾಸ್‌ವರ್ಡ್ ಇಡುವ ಆಸೆ ನನಗೂ ಅರ್ಥವಾಗುತ್ತದೆ, ಆದರೆ ಆರ್ಕೈವುಗಳಿಗೆ ಅದು ಬೇಡ. ಇಂಗ್ಲಿಷಿನಾಚೆಯ ಅಕ್ಷರಗಳನ್ನು ಎಲ್ಲ ಸಾಫ್ಟ್‌ವೇರುಗಳೂ ಒಂದೇ ರೀತಿಯ ಬೈಟುಗಳಾಗಿ ಬದಲಿಸುವುದಿಲ್ಲ.

ಮತ್ತೆ ತರಿಸಲಾಗದ ಫೈಲ್ ಕೆಟ್ಟಿದ್ದರೆ

ಎಷ್ಟು ಉಳಿಯುತ್ತದೆ ಎಂಬುದು ಬಗೆಯ ಮೇಲೆ ನಿಂತಿದೆ. ಜಿಪ್‌ನಲ್ಲಿ ಪ್ರತಿ ಫೈಲನ್ನೂ ಬಿಡಿಯಾಗಿ ಕುಗ್ಗಿಸಿರುವುದರಿಂದ ಒಂದು ಕೆಟ್ಟರೆ ಉಳಿದವು ಬದುಕುತ್ತವೆ. ಕೊನೆಯ ಪಟ್ಟಿ ಕಳೆದುಹೋದ ಜಿಪ್‌ಗೆ ಟರ್ಮಿನಲ್‌ನ ‘ಜಿಪ್’ ಆಜ್ಞೆಯಲ್ಲಿ ದೊಡ್ಡಕ್ಷರದ ‘ಎಫ್‌ಎಫ್’ ಆಯ್ಕೆ ಇದೆ. ಅದು ಇಡೀ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿ, ಒಳಗಿನ ಪ್ರತಿ ಫೈಲಿನ ತಲೆಬರಹ ಹುಡುಕಿ, ಹೊಸ ಪಟ್ಟಿ ಕಟ್ಟುತ್ತದೆ. ವಿನ್‌ರಾರ್‌ನ ‘ರಿಪೇರ್’ ಕೂಡ ಜಿಪ್‌ಗೆ ಇಂಥದ್ದೇ ಕೆಲಸ ಮಾಡುತ್ತದೆ. ಆರ್‌ಎಆರ್‌ನಲ್ಲಿ ಕಟ್ಟಿದವರು ‘ರಿಕವರಿ ರೆಕಾರ್ಡ್’ ಸೇರಿಸಿದ್ದರೆ ಸಣ್ಣ ಹಾನಿಯನ್ನು ಪೂರ್ತಿ ಸರಿಪಡಿಸಬಹುದು, ಇಲ್ಲದಿದ್ದರೆ ಇಲ್ಲ. ಬಿಚ್ಚುವಾಗ ‘ಕೀಪ್ ಬ್ರೋಕನ್ ಫೈಲ್ಸ್’ ಆಯ್ಕೆ ಹಾಕಿದರೆ ತಾಳೆಯಾಗದ ಫೈಲುಗಳನ್ನೂ ಅದು ಉಳಿಸುತ್ತದೆ; ಪಠ್ಯ, ಫೋಟೊ, ಹಾಡುಗಳಾದರೆ ಅರ್ಧವಾದರೂ ಸಿಗುತ್ತದೆ.

ಟಾರ್ ಜಿಜಡ್‌ನಲ್ಲಿ ಎಲ್ಲವೂ ಒಂದೇ ಹರಿವಾಗಿ ಕುಗ್ಗಿರುತ್ತದೆ, ಹಾಗಾಗಿ ಕೆಟ್ಟ ಜಾಗದವರೆಗಿನದು ಸಿಗುತ್ತದೆ, ಅದರಾಚೆಯದು ಕಷ್ಟ. 7ಜಡ್ ಸಾಮಾನ್ಯವಾಗಿ ಹಲವು ಫೈಲುಗಳನ್ನು ಒಟ್ಟಾಗಿ ಕುಗ್ಗಿಸುತ್ತದೆ, ತುಂಬ ಚಿಕ್ಕದಾಗುತ್ತದೆ. ಒಂದು ಕಡೆ ಕೆಟ್ಟರೆ ಅದೇ ಗುಂಪಿನಲ್ಲಿ ಅದರ ನಂತರದವೂ ಹೋಗುತ್ತವೆ, ರಿಕವರಿ ರೆಕಾರ್ಡಿನ ಸೌಲಭ್ಯವೂ ಇಲ್ಲ. ವರ್ಷಗಟ್ಟಲೆ ಇಟ್ಟುಕೊಳ್ಳುವ ಬ್ಯಾಕಪ್‌ಗೆ ನಾನು ಇದೇ ಕಾರಣಕ್ಕೆ ಸಾದಾ ಜಿಪ್ ಅಥವಾ ರಿಕವರಿ ರೆಕಾರ್ಡ್ ಇರುವ ಆರ್‌ಎಆರ್ ಬಳಸಲು ಹೇಳುತ್ತೇನೆ. ಕಟ್ಟಿದ ಕೂಡಲೇ ಒಮ್ಮೆ ಟೆಸ್ಟ್ ಮಾಡಿ, ಎಸ್‌ಎಚ್‌ಎ-256 ಸಂಖ್ಯೆಯನ್ನು ಪಕ್ಕದಲ್ಲೇ ಒಂದು ಪಠ್ಯ ಫೈಲಿನಲ್ಲಿ ಬರೆದಿಡಿ. ಮೂಲ ಫೋಲ್ಡರನ್ನು ಅಳಿಸುವುದೇನಿದ್ದರೂ ಆಮೇಲೆ.